ಏಪ್ರಿಕಾಟ್ ಡಬ್ಬಿ

ಆರ್ವಿಲ್ ಟ್ಯಾಕೆಟ್ ಏಪ್ರಿಕಾಟ್ ಹಣ್ಣಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಎದುರಿಗೆ ಕೂತಿದ್ದವನು ಬೆಚ್ಚಲಿಲ್ಲ. ಬೆಚ್ಚಿದವರು ಸುತ್ತಲಿದ್ದ ಮುದುಕರು. ಇಬ್ಬರಂತೂ ತಟ್ಟೆ ಎತ್ತಿಕೊಂಡು ಕಿಟಕಿಯ ಕಡೆ ಸರಿದರು.

"ತಿನ್ನು," ಎಂದ ಆರ್ವಿಲ್.

ಓಹಾಯೋದ ಆ ಸಣ್ಣ ಊರಿನ ಮಾಜಿ ಸೈನಿಕರ ಭವನದಲ್ಲಿ ಶನಿವಾರ ಮಧ್ಯಾಹ್ನವೆಂದರೆ ಬೀನ್ಸ್ ಸಾರು, ಜೋಳದ ಬ್ರೆಡ್ಡು, ಹಳೆಯ ಜಗಳ. ಈ ತಿಂಗಳು ಲೈಬ್ರರಿಯ ನೋರೀನ್ ಕೂಡ ಅವರ ನೆನಪುಗಳನ್ನು ದಾಖಲಿಸಲು ರೆಕಾರ್ಡರ್ ಹಿಡಿದು ಬಂದು ಕೂರುತ್ತಿದ್ದಳು. ಅವಳಿಗೆ ಯುದ್ಧದ ಪ್ರತಾಪ ಬೇಡ. ಏನು ತಿಂದಿರಿ, ಎಲ್ಲಿ ಮಲಗಿದಿರಿ, ಯಾರು ಗೊರಕೆ ಹೊಡೆಯುತ್ತಿದ್ದರು, ಅಷ್ಟೇ ಸಾಕು.

ಎದುರಿಗಿದ್ದ ವೆಂಡೆಲ್ ಕ್ರೌಸ್ ಅವಳ ಈ ಕೆಲಸದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಮೊದಲು ಫೋನ್ ಮಾಡಿದ್ದ. ಆಮೇಲೆ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದ. "ವಿಯೆಟ್ನಾಮಲ್ಲಿ ಲೈಲ್ ಟ್ಯಾಕೆಟ್ ಜೊತೆಗಿದ್ದೆ. ನಾನು ಹೇಳ್ಬೇಕಾಗಿರೋದು ಊಟದ ವಿಷಯ," ಎಂದಿದ್ದ.

ಲೈಲ್ ಆರ್ವಿಲ್‌ನ ತಮ್ಮ. ನೀರಿನಲ್ಲೂ ನೆಲದಲ್ಲೂ ಓಡುವ ಉಕ್ಕಿನ ಗಾಡಿಯೊಂದು ಅವನ ಉಸ್ತುವಾರಿಯಲ್ಲಿತ್ತು. ಅದು ನೆಲಬಾಂಬಿನ ಮೇಲೆ ಹತ್ತಿತು. ಗಾಡಿಯ ಮೇಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ ಎಂದು ಮನೆಗೆ ಬಂದ ಕಾಗದ ಐವತ್ತೈದು ವರ್ಷದಿಂದ ಆರ್ವಿಲ್‌ನ ಪೆಟ್ಟಿಗೆಯಲ್ಲಿದೆ. ಹಾಗಿರುವಾಗ ಈ ಮನುಷ್ಯ ಎಲ್ಲಿಂದ ಉದುರಿದ?

ಸುಳ್ಳು ಸೈನಿಕರು ಆರ್ವಿಲ್‌ಗೆ ಹೊಸಬರಲ್ಲ. ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡ ಪದಕ ಚುಚ್ಚಿಕೊಂಡು ಪುಕ್ಕಟೆ ಬಿಯರ್ ಕುಡಿದು ಹೋದವರು ಎಷ್ಟೋ ಮಂದಿ. ಅವರ‍್ಯಾರೂ ತಮ್ಮನ ಹೆಸರಿಗೆ ಕೈ ಹಾಕಿರಲಿಲ್ಲ. ತನಗೆ ಎಂಬತ್ತಾಯಿತು, ಮಕ್ಕಳಿಲ್ಲ. ಲೈಲ್ ಬಗ್ಗೆ ಒಂದು ಸುಳ್ಳು ನೋರೀನ್‌ಳ ಯಂತ್ರದೊಳಗೆ ಹೊಕ್ಕರೆ ನಾಳೆ ಅದೇ ಲೈಲ್ ಆಗಿ ಉಳಿಯುತ್ತದೆ.

ಅದಕ್ಕೇ ಈ ಪರೀಕ್ಷೆ. ಏಪ್ರಿಕಾಟ್ ಹೊತ್ತ ಗಾಡಿ ಸುಟ್ಟುಹೋಗುತ್ತದೆ ಎಂಬುದು ಆ ಉಕ್ಕಿನ ಗಾಡಿಗಳ ಸೈನಿಕರ ನಂಬಿಕೆ. ತಿನ್ನುವುದಿರಲಿ, ಅವರು ಅದರ ಹೆಸರನ್ನೂ ಎತ್ತುವುದಿಲ್ಲ. ಅಂಥದೇ ಗಾಡಿ ಓಡಿಸಿ ಎರಡು ವರ್ಷ ಮೊದಲೇ ಮನೆಗೆ ಮರಳಿದ್ದ ಆರ್ವಿಲ್, ತಮ್ಮನಿಗೆ ಬರೆದದ್ದು ಒಂದೇ ಕಾಗದ, ಅದೂ ಆ ಹಣ್ಣಿನ ಬಗ್ಗೆ. ಅದರಲ್ಲೇನಿತ್ತೆಂದು ಇಂದಿಗೂ ಯಾರಿಗೂ ಹೇಳಿಲ್ಲ.

ವೆಂಡೆಲ್ ಕೀಗೊಂಚಲು ತೆಗೆದ. ಅದರಲ್ಲಿ ಡಬ್ಬಿ ತೆರೆಯಲು ಸೈನ್ಯದವರು ಕೊಡುತ್ತಿದ್ದ ಹೆಬ್ಬೆರಳುದ್ದದ ಬ್ಲೇಡು ಇತ್ತು, ಸವೆದು ಹೊಳೆಯುತ್ತಿತ್ತು.

"ಅದೂ ಅಂಗಡೀಲಿ ಸಿಗತ್ತೆ," ಎಂದ ಆರ್ವಿಲ್.

ವೆಂಡೆಲ್ ಮುಚ್ಚಳ ಕೊಯ್ದು, ಒಂದೊಂದೇ ಹೋಳು ತಿಂದ. ರಸವನ್ನೂ ಕುಡಿದ. ಆಮೇಲೆ ಡಬ್ಬಿಯನ್ನು ಓರೆ ಮಾಡಿ ತಳ ತೋರಿಸಿದ.

"ನೋಡಿದ್ರೇನ್ರೋ!" ಆರ್ವಿಲ್ ಎದ್ದು ನಿಂತ. "ಲೈಲ್ ಜೊತೆಗಿದ್ನಂತೆ! ಮದುವೆ ಊಟದ ಥರ ಬಾರಿಸಿದ. ನಾಚಿಕೆ ಆಗಲ್ವೇನಯ್ಯಾ, ಸತ್ತೋನ ಹೆಸರು ಹೇಳ್ಕೊಂಡು ತಿರುಗೋಕೆ?"

"ಆಗತ್ತೆ," ಎಂದ ವೆಂಡೆಲ್. "ದಿನಾ ಆಗತ್ತೆ."

"ಒಪ್ಕೊಂಡ್‌ಬಿಟ್ಟ!" ಕಿಟಕಿಯ ಬಳಿಯಿಂದ ಒಬ್ಬ ಕೂಗಿದ. "ಕತ್ತು ಹಿಡಿದು ಆಚೆ ತಳ್ಳು ಮಾರಾಯಾ!"

"ನೋರೀನ್, ಆ ಮಿಷನ್ ಆರ‍್ಸಮ್ಮ."

ನೋರೀನ್ ಕೈ ಚಾಚಿದಳು, ಆದರೆ ಆರಿಸಲಿಲ್ಲ. ಆರ್ವಿಲ್ ವೆಂಡೆಲ್‌ನ ತೋಳು ಹಿಡಿದು ಬಾಗಿಲವರೆಗೆ ಎಳೆದ. ಎಳೆಸಿಕೊಂಡವನ ಕೈಯಲ್ಲಿ ಖಾಲಿ ಡಬ್ಬಿ ಇನ್ನೂ ಇತ್ತು. ಹೊಸ್ತಿಲ ಬಳಿ ಅವನು ಕಾಲೂರಿ ನಿಂತ.

"ಹೋಗ್ತೀನಿ. ಊಟದ ವಿಷಯ ಹೇಳಿ ಹೋಗ್ತೀನಿ. ನಾನವತ್ತು ಹೊಸಬ, ನಂಗೇನೂ ಗೊತ್ತಿರ್ಲಿಲ್ಲ. ಗಾಡಿ ಮೇಲೆ ಕೂತು ಇದೇ ಹಣ್ಣಿನ ಡಬ್ಬಿ ತೆಗ್ದೆ. ಲೈಲ್ ಗಾಡಿ ನಿಲ್ಲಿಸ್ದ. 'ಇಳಿ ಕೆಳಗೆ. ತಳ ಕಾಣೋವರ‍್ಗೂ ತಿಂದು, ಆಮೇಲೆ ನಡ್ಕೊಂಡು ಬಾ' ಅಂದ. ರಸ್ತೆ ಪಕ್ಕ ಕೂತು ಅವನನ್ನ ಬಾಯಿಗೆ ಬಂದಂಗೆ ಬೈಕೊಂಡು ತಿಂತಿದ್ದೆ. ಕೊನೇ ಹೋಳು ಬಾಯಲ್ಲಿತ್ತು, ಮುಂದಿನ ತಿರುವಲ್ಲಿ ಗಾಡಿ ಸಿಡೀತು."

ಆರ್ವಿಲ್‌ನ ಹಿಡಿತ ಸಡಿಲಾಗಲಿಲ್ಲ. "ಕಥೆ," ಎಂದ. "ಕಟ್ಟುಕಥೆ."

"ನಾನು ಇಳಿಯೋವಾಗ ಲೈಲ್ ನಗ್ತಾ ಹೇಳಿದ್ದು ಇಷ್ಟೇ: 'ಸಿಟ್ಟಾಗ್ಬೇಡ ಕಣೋ, ನಮ್ಮಣ್ಣ ಕಾಗದ ಬರ‍್ದಿದ್ದಾನೆ, ಆ ಹಣ್ಣು ತಂದೋನನ್ನ ಮಾತ್ರ ಕೆಳಗಿಳಿಸು ಅಂತ.'"