ವಕೀಲಿ ಓದುವ ಸೊಸೆ

“ವಕೀಲಿ ಓದಿ ನಾಳೆ ನಮ್ಮ ಮ್ಯಾಲ ಕೇಸ್ ಹಾಕ್ತಿ ಏನವಾ?” ಎಂದು ನಗುತ್ತಲೇ ಕೇಳಿ, ನಾಲ್ಕನೆಯ ವರನ ಕಡೆಯವರೂ ಅವಲಕ್ಕಿ ತಿಂದು ಎದ್ದುಹೋದರು.

ತುಕ್ಕಾನಟ್ಟಿಯ ಸತ್ತೆಪ್ಪ ಮಗಳಿಗೆ ಕಡೆಯ ಮಾತು ಹೇಳಿದ. “ಇನ್ನೊಂದ ಮನಿ ನೋಡ್ತೇನಿ ವಿದ್ಯಾ. ಅವರೂ ಒಲ್ಲೆ ಅಂದ್ರ ಆ ನಿನ್ನ ವಹಿ ಒಲಿಗೆ ಹಾಕು. ಸುಮ್ಮನ ಹೇಳಿದವಗ ಕೊರಳೊಡ್ಡು.”

ಆ ವಹಿಯಲ್ಲಿ ವಿದ್ಯಾ ತನ್ನ ಮುಂದಿನ ಹದಿನೈದು ವರ್ಷ ಬರೆದಿಟ್ಟಿದ್ದಳು. ಮೂಡಲಗಿಯಲ್ಲಿ ಬಿ.ಎ. ಮುಗಿದಿತ್ತು. ಗೋಕಾಕದಲ್ಲಿ ಮೂರು ವರ್ಷ ಕಾನೂನು, ಎರಡು ವರ್ಷ ಹಿರಿಯ ವಕೀಲರೊಬ್ಬರ ಕೈಕೆಳಗೆ, ಆಮೇಲೆ ಹುಕ್ಕೇರಿಯಲ್ಲಿ ಸ್ವಂತ ಆಫೀಸು. ಹೊಲದಲ್ಲಿ ಪಾಲು ಸಿಗದ ಹೆಣ್ಣುಮಕ್ಕಳ ದಾವೆಗಳು. ನಲವತ್ತರೊಳಗೆ ನ್ಯಾಯಾಧೀಶೆ.

ಐದನೆಯವರು ಯಮಕನಮರಡಿಯಿಂದ ಬಂದರು. ವರ ಸದಾಶಿವ ತಲೆ ತಗ್ಗಿಸಿ ಕುಳಿತಿದ್ದ. ಅವನ ತಾಯಿ ಸೀತವ್ವ ಎದ್ದು, ಚಹಾದ ತಾಟನ್ನು ವಿದ್ಯಾಳ ಕೈಯಿಂದ ತಾನೇ ಇಸಿದುಕೊಂಡಳು. “ನಿಂತ ಬ್ಯಾಸರಾಗಿರತೈತಿ. ನನ್ನ ಬಾಜೂಕ ಕುಂದರವಾ.” ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಲಿಲ್ಲ. ವಹಿ ತರಿಸಿ, ಪುಟ ಪುಟವೂ ಓದಿಸಿ ಕೇಳಿದಳು.

“ಕೋರ್ಟಿನ್ಯಾಗ ನಿಂದರಾಕ ಎಷ್ಟ ವರ್ಷ ಬೇಕು?”

“ಓದು ಮೂರು ವರ್ಷರಿ. ಮುಂದ ವಕೀಲಿ ಮಾಡಾಕ ಸನದು ಸಿಕ್ಕ ಮ್ಯಾಲ.”

“ಹೊಲದ ಕೇಸ್ ಯಾಕ? ಕ್ರಿಮಿನಲ್ ಹಿಡಿ. ಮತ್ತ ಜಡ್ಜ್ ಆದ್ರ ಮನಿಯವರ ಪರ ಮಾತಾಡಾಕ ಬರ್ತೈತೇನು?”

“ಬರೂದಿಲ್ರಿ.”

“ಹಂಗಾದ್ರ ವಕೀಲಾಗೇ ಇರು. ಮಕ್ಕಳ ಮರಿ ಅವಸರ ನಮಗಿಲ್ಲ. ಮೊದಲ ಓದು.”

ವಿದ್ಯಾಳ ಕಣ್ಣು ತುಂಬಿಬಂತು. ಹೆತ್ತ ತಂದೆಯೂ ಆ ವಹಿ ತೆರೆದು ನೋಡಿರಲಿಲ್ಲ.

ವರನ ಮನೆ ವಿಚಾರಿಸಲು ವಿದ್ಯಾಳ ಕಾಕಾ ಹೋದ. ಬೋರಿನ ನೀರು, ಕಬ್ಬಿನ ಹೊಲ, ನಾಲ್ಕು ಎಮ್ಮೆ ನೋಡಿ ತೃಪ್ತನಾಗಿ ಬಂದ. ಮನೆಯ ಹೆಂಗಸರ ಬಗ್ಗೆ ಕೇಳುವ ರೂಢಿ ಅವನಿಗಿರಲಿಲ್ಲ. ಎರಡೇ ವಾರದಲ್ಲಿ ಅಕ್ಷತೆ ಬಿತ್ತು.

ಮದುವೆಯ ಅರಿಶಿನ ಕೈಯಿಂದ ಇನ್ನೂ ಹೋಗಿರಲಿಲ್ಲ. ಕಾನೂನು ಕಾಲೇಜಿನ ಅರ್ಜಿಗೆ ಅಂದೇ ಕೊನೆಯ ದಿನ. ಸೀತವ್ವನೇ ಸೊಸೆಯನ್ನು ಗೋಕಾಕಕ್ಕೆ ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ಸೆರಗಿನಿಂದ ಒರೆಸಿ ಅವಳಿಗೆ ಬಿಟ್ಟುಕೊಟ್ಟಳು. ಕಾಲೇಜಿನ ಸರದಿಯಲ್ಲಿ ಬಿಸಿಲು ಬಿದ್ದಾಗ ಕೊಡೆ ಸೊಸೆಯ ತಲೆಯ ಮೇಲೆಯೇ ಹಿಡಿದಳು. ಅರ್ಜಿಗೆ ಠಸ್ಸೆ ಬಿದ್ದದ್ದು ನೋಡಿ ಅವಳ ಗಲ್ಲ ಹಿಡಿದು ನಕ್ಕಳು.

ಹೊರಗೆ ಬಂದ ವಿದ್ಯಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. “ಅತ್ತಿ, ನನ್ನ ಮೊದಲನೇ ಕೇಸ್ ಯಾರದರ ಇರಲಿ, ನಿಮ್ಮನ್ನ ನೆನಿಸಿಕೊಂಡ ನಿಂದರ್ತೇನಿ.”

“ಯಾರದರ ಯಾಕ?” ಸೀತವ್ವ ಸೊಸೆಯನ್ನು ಎಬ್ಬಿಸಿ, ಜಾರಿದ ಸೆರಗನ್ನು ಮೆಲ್ಲಗೆ ಸರಿಪಡಿಸಿದಳು. “ಹಿರಿ ಸೊಸಿನ ಸುಟ್ಟ ಕೊಂದಾರಂತ ನಮ್ಮ ನಾಲ್ಕೂ ಮಂದಿ ಮ್ಯಾಲ ಕೇಸ್ ನಡದೈತಿ, ನಿನ್ನ ಗಂಡನ ಹೆಸರೂ ಅದರಾಗ ಐತಿ. ನೀ ಓದಿ ಮುಗಸೂತನ ತಾರೀಖ ದೂಡ್ಕೋತ ಹೋಗ್ತೇವಿ. ಅದೇ ಮನಿ ಇನ್ನೊಬ್ಬ ಸೊಸಿ ಕರೀ ಕೋಟ ಹಾಕ್ಕೊಂಡ ಬಂದು, ಇವರು ಅಂಥವರಲ್ಲ ಅಂದ್ರ ಯಾವ ಜಡ್ಜ್ ನಂಬೂದಿಲ್ಲ ಮಗಳ?”