ಒಂದು ಗೆರೆ ಹೆಚ್ಚು

ಹಾಳೆಗಳ ಕಟ್ಟನ್ನು ಬಿಡಿಸಿ ಲಕೋಟೆ ತುಂಬುವ ಯಂತ್ರಕ್ಕೆ ಇಡುತ್ತಿದ್ದವಳ ಕೈ ಅಪ್ಪನ ಹೆಸರು ಕಂಡದ್ದೇ ನಿಂತುಬಿಟ್ಟಿತು. ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ಬಸ್ ಡ್ರೈವರುಗಳ ಲೈಸೆನ್ಸ್ ರದ್ದು ಮಾಡಿದ ಪತ್ರಗಳವು. ಲಕೋಟೆಯ ಮೇಲೆ ಡ್ರೈವರ ಹೆಸರು; ಹೋಗುವುದು ನೇರ ಡಿಪೋ ಮ್ಯಾನೇಜರ ಕೈಗೆ. ಶನಿವಾರ ಅಪ್ಪನ ನಿವೃತ್ತಿ. ತಲೆಯೆತ್ತಿಕೊಂಡು ಬಸ್ಸಿಂದ ಇಳಿಯಲು ಉಳಿದದ್ದು ನಾಲ್ಕೇ ದಿನ.

ಹಾಳೆಯಂಚಿನ ಕಪ್ಪು ಗೆರೆಗಳನ್ನು ಓದಿ, ಯಾವ ಹಾಳೆ ಯಾವ ಲಕೋಟೆಗೆ ಎಂದು ಯಂತ್ರ ತಿಳಿಯುತ್ತದೆ. ಅದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ. ಗೆರೆ ಹೊಂದದಿದ್ದರೆ ಪತ್ರವನ್ನು ಪಕ್ಕದ ಟ್ರೇಗೆ ಉಗಿಯುತ್ತದೆ. ಟ್ರೇಗೆ ಬಿದ್ದದ್ದು ಸೋಮವಾರದ ಅಂಚೆಗೆ. ಅವಳು ಪೆನ್ನು ತೆಗೆದು ಒಂದು ಗೆರೆ ಹೆಚ್ಚಿಗೆ ಎಳೆದಳು. ಬಾಗಿಲಲ್ಲಿ ನಿಂತ ಮಗಳನ್ನೇ ಅಪ್ಪ "ಯಾರಮ್ಮ?" ಎಂದು ಕೇಳಿದ್ದು ಮೊನ್ನೆ ತಾನೆ. ಗೆರೆ ಸೊಟ್ಟಗಾಯಿತು.

ಸ್ವಲ್ಪ ಹೊತ್ತಿಗೆ ಯಂತ್ರ ಅಪ್ಪನ ಪತ್ರವನ್ನು ಟ್ರೇಗೆ ಉಗಿದು ಗಕ್ಕನೆ ನಿಂತಿತು. ಸೂಪರ್‌ವೈಸರ್ ಬಂದು, "ಇಂಕು ಚೆಲ್ಲಿದೆ" ಎಂದು ಗೊಣಗಿ, ಆ ಪತ್ರವನ್ನು ಹೊಸದಾಗಿ ಪ್ರಿಂಟ್ ಮಾಡಿಸಿ ತಂದರು.

"ಸೋಮವಾರಕ್ಕೆ ಇಡ್ತೀನಿ ಸರ್," ಎಂದಳು.

"ಅದೆಲ್ಲ ನಿನ್ನೆಗೇ ಮುಗೀತಮ್ಮ. ಇನ್ಮೇಲೆ ತಪ್ಪಿದ್ದನ್ನ ಆಗಿಂದಾಗ್ಲೇ ಕೈಯಲ್ಲಿ ತುಂಬಬೇಕು, ನಾನು ನಿಂತು ನೋಡಬೇಕು. ಯಂತ್ರ ತುಂಬಿದ್ದು ನಾಳೆ ಹೋಗುತ್ತೆ. ಕೈಯಲ್ಲಿ ತುಂಬಿದ್ದು ಇವತ್ತಿನ ಅಂಚೆ ಚೀಲಕ್ಕೇ."

ಅವಳು ಹಾಳೆ ಮಡಚಿ ಲಕೋಟೆಗೆ ತುಂಬಿದಳು. ಅಂಟು ಒತ್ತಿದಳು.

"ಲಕೋಟೆಯ ಕಿಟಕಿಯಲ್ಲಿ ಹೆಸರು ಸರಿಯಾಗಿ ಕಾಣುತ್ತಾ ನೋಡು," ಎಂದರು ಸೂಪರ್‌ವೈಸರ್.

"ಕಾಣುತ್ತೆ ಸರ್."