ಮುಚ್ಚಳದ ಮೇಲಿನ ಹೆಸರು

ಬೋರಿನ ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ಚೈನು ಇಳಿಬಿಟ್ಟು, ಇನ್ನೇನು ಪೈಪಿಗೆ ಬಿಗಿಯಬೇಕು ಅನ್ನುವಾಗ ಸಮತಾಳ ಸ್ಕೂಟರ್ ಭದ್ರಾವತಿಯ ಜನ್ನಾಪುರದ ರಾಮಚಂದ್ರಪ್ಪನವರ ಗೇಟಿನ ಮುಂದೆ ಬಂದು ನಿಂತಿತು. ಇಳಿಯುವ ಮುಂಚೆಯೇ ಅವಳು, "ಅಣ್ಣ, ಹತ್ತು ನಿಮಿಷ ಎತ್ತಬೇಡಿ" ಎಂದಳು. ಮೋಟರ್ ಎತ್ತುವುದಕ್ಕೆಂದೇ ಶಿವಮೊಗ್ಗದ ಗೋಪಾಳದಿಂದ ಬಂದಿದ್ದ ಮಲ್ಲೇಶ್ ಪಾನಾ ಕೆಳಗಿಡದೆ ನಕ್ಕ.

"ಹತ್ತು ನಿಮಿಷ ಬಿಟ್ರೆ ಸುಟ್ಟ ಮೋಟರ್ ಸರಿ ಆಗುತ್ತೇನಕ್ಕ? ಬಟನ್ ಒತ್ತಿದ್ರೆ ಗುಂಯ್ ಅನ್ನುತ್ತೆ, ಟ್ರಿಪ್ ಆಗುತ್ತೆ. ವೈಂಡಿಂಗ್ ಹೋಗಿದೆ."

ಆ ವೈಂಡಿಂಗ್, ಅಂದರೆ ಮೋಟರಿನೊಳಗಿನ ತಾಮ್ರದ ತಂತಿ, ಸುತ್ತಿದ್ದು ಎಂಟು ತಿಂಗಳ ಹಿಂದೆ, ಸಮತಾಳ ಅಂಗಡಿಯಲ್ಲಿ. ಬೋರ್ಡಿನ ಮೇಲೆ ಮಾತ್ರ ಇಂದಿಗೂ ಅವಳ ಅಪ್ಪ ಹುಲಿಯಪ್ಪನ ಹೆಸರೇ ಇದೆ. ಅಪ್ಪನಿಗೆ ಕಣ್ಣು ಮಂಜಾಗಿ ಮೂರು ವರ್ಷವಾಯಿತು. ಅಂದಿನಿಂದ ಅಲ್ಲಿಗೆ ಬಂದ ಒಂದೊಂದು ಮೋಟರನ್ನೂ ಸುತ್ತಿದವಳು ಇವಳು. ಆದರೆ ಭದ್ರಾವತಿಯ ಲೆಕ್ಕಾಚಾರವೇ ಬೇರೆ. ಮೋಟರ್ ಓಡಿದರೆ ಹುಲಿಯಪ್ಪನ ಕೈಗುಣ, ಕೆಟ್ಟರೆ ಹೆಣ್ಣುಮಗಳು ಕೈ ಹಾಕಿದ್ದಕ್ಕೆ ಹೀಗಾಯಿತು. ಬೆಳಿಗ್ಗೆ ರಾಮಚಂದ್ರಪ್ಪನವರು ಫೋನಿನಲ್ಲಿ ಅದನ್ನೇ ತುಸು ಮರ್ಯಾದೆಯಾಗಿ ಹೇಳಿದ್ದರು. ನೋಡಲು ಸೇರಿದ್ದ ಅಕ್ಕಪಕ್ಕದ ಮನೆಯವರ ಎದುರಿಗೆ ಸುಟ್ಟ ಮೋಟರ್ ಮೇಲೆ ಬಂತೆಂದರೆ ನಾಳೆಯಿಂದ ಯಾರೂ ತನ್ನ ಕೈಗೆ ಮೋಟರ್ ಕೊಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೆದರಿಕೆಯಾಗಿತ್ತು, ನಿಜ. ಆದರೆ ಆ ಮೋಟರಿನ ಒಂದೊಂದು ಸುತ್ತನ್ನೂ ಎಣಿಸಿ ಹಾಕಿದ್ದು ಅವಳಿಗೆ ಇನ್ನೂ ನೆನಪಿತ್ತು.

ಮೇನ್ ಆಫ್ ಮಾಡಿ, ಗೋಡೆಯ ಮೇಲಿದ್ದ ಸ್ಟಾರ್ಟರ್ ಪ್ಯಾನೆಲ್ಲಿನ ಮುಚ್ಚಳ ಬಿಚ್ಚಿ ಕೈಗೆ ತೆಗೆದುಕೊಂಡಳು. ಮುಚ್ಚಳದ ಒಳಮೈಯಲ್ಲಿ ರಾಮಚಂದ್ರಪ್ಪನವರ ಕೈಬರಹ: "ಮೋಟರ್ ಸುತ್ತಿದ್ದು ಹುಲಿಯಪ್ಪ." ಕೆಳಗೆ ತಾರೀಖು. ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವರು. ಯಾವ ಯಂತ್ರ ರಿಪೇರಿಯಾದರೂ ಮಾಡಿದವರ ಹೆಸರು ಬರೆದಿಡುವ ಅಭ್ಯಾಸ ನಿವೃತ್ತಿಯಾದ ಮೇಲೂ ಹೋಗಿರಲಿಲ್ಲ. ಸಮತಾ ಓದಿದಳು, ಮುಚ್ಚಳವನ್ನು ಗೋಡೆಗೆ ಒರಗಿಸಿದಳು.

ಬೋರಿನಿಂದ ಬಂದ ಮೂರು ತಂತಿಗಳನ್ನು ಬಿಡಿಸಿ ಮೀಟರ್ ಹಿಡಿದಳು. ಒಂದು ಜೋಡಿಗೆ ಮೂರು ಓಮ್ ತೋರಿಸಿತು, ಇನ್ನೊಂದಕ್ಕೆ ಐದು, ಕೊನೆಯದಕ್ಕೆ ಎಂಟು. ಎರಡು ಕೂಡಿದರೆ ಮೂರನೆಯದು ಬರಬೇಕು, ಬಂದರೆ ಒಳಗಿನ ಸುತ್ತು ಗಟ್ಟಿಯಾಗಿದೆ ಎಂದು ಅಪ್ಪ ಕಲಿಸಿದ್ದ. ಮೆಗ್ಗರ್ ಹಾಕಿ ಕರೆಂಟು ನೆಲಕ್ಕೆ ಸೋರುತ್ತಿದೆಯೇ ಎಂದೂ ನೋಡಿದಳು. ಒಂದಿಷ್ಟೂ ಸೋರಿಕೆಯಿರಲಿಲ್ಲ.

"ಮೋಟರ್ ಚೆನ್ನಾಗಿದೆ ಸಾರ್."

"ಚೆನ್ನಾಗಿದ್ರೆ ನೀರೆಲ್ಲಮ್ಮ?" ಎಂದರು ರಾಮಚಂದ್ರಪ್ಪ. ಅದೂ ನ್ಯಾಯವಾದ ಪ್ರಶ್ನೆಯೇ.

ಕೊನೆಗೆ ಯಾವತ್ತು ಓಡಿತ್ತು ಎಂದು ಸಮತಾ ಕೇಳಿದಳು. ಆಯುಧಪೂಜೆಯ ಬೆಳಿಗ್ಗೆ ಟ್ಯಾಂಕ್ ತುಂಬಿಸಿದ್ದೇ ಕೊನೆ, ಮಾರನೆಯ ದಿನ ಬಟನ್ ಒತ್ತಿದರೆ ಹೀಗೆ ಎಂದು ಅವರ ಹೆಂಡತಿ ಹಾಲಮ್ಮ ಹೇಳಿದರು. ಪೂಜೆಯ ಮಾತು ಬಂದದ್ದೇ ತಡ, ರಾಮಚಂದ್ರಪ್ಪನವರ ಎದೆ ಉಬ್ಬಿತು. ಉಳಿದವರ ಹಾಗೆ ಡಬ್ಬದ ಮೇಲೊಂದು ಬೊಟ್ಟಿಟ್ಟು ಕೈ ತೊಳೆದುಕೊಳ್ಳುವ ಪೈಕಿ ಅವರಲ್ಲ. ಮೇನ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಒಳಗಿನ ಒಂದೊಂದು ಸಾಮಾನಿಗೂ ತಾವೇ ತೇಯ್ದ ಗಂಧ ಹಚ್ಚಿದ್ದರಂತೆ.

"ದುಡಿಯೋದು ಒಳಗಿಂದಲ್ವಾ? ಹೊರಗಷ್ಟೇ ಪೂಜೆ ಮಾಡಿದ್ರೆ ಏನು ಬಂತು?"

ಸಮತಾ ತುಟಿ ಕಚ್ಚಿ ನಗು ತಡೆದು ಟಾರ್ಚ್ ಹಾಕಿದಳು. ಹಸಿರು ಬಟನ್ ಒತ್ತಿದಾಗ ಅದರ ಹಿಂದೆ ಎರಡು ಲೋಹದ ತುದಿಗಳು ಒಂದನ್ನೊಂದು ಮುಟ್ಟಬೇಕು. ಮುಟ್ಟಿದರೆ ಮಾತ್ರ ಮೋಟರಿಗೆ ಮೊದಲ ನೂಕು ಸಿಗುತ್ತದೆ. ಅವೆರಡರ ನಡುವೆ ಗಂಧ ಒಣಗಿ ಹಕ್ಕಳೆಗಟ್ಟಿತ್ತು. ನೂಕು ಸಿಗದ ಮೋಟರ್ ಗುಂಯ್ ಎಂದು ಒದ್ದಾಡಿ ಟ್ರಿಪ್ ಆಗದೆ ಇನ್ನೇನು ಮಾಡೀತು? ಬ್ಲೇಡಿನಿಂದ ಕೆರೆದು ತೆಗೆದ ಆ ಪುಡಿಯನ್ನು ಅವಳು ಅಂಗೈಯಲ್ಲಿಟ್ಟುಕೊಂಡು ತೋರಿಸಿದಳು. ಇನ್ನೂ ಸಣ್ಣಗೆ ಪರಿಮಳ ಬರುತ್ತಿತ್ತು. ರಾಮಚಂದ್ರಪ್ಪನವರು ಬಗ್ಗಿ ಮೂಸಿ ನೋಡಿದರು.

ತುದಿಗಳನ್ನು ಉಜ್ಜಿ, ಒರೆಸಿ, ತಂತಿ ಸೇರಿಸಿ, ಮೇನ್ ಹಾಕಿ ಬಟನ್ ಒತ್ತಿದಳು. ಪ್ಯಾನೆಲ್ಲಿನಲ್ಲಿ ಕರೆಂಟು ತೋರಿಸುವ ಮುಳ್ಳು ಮೇಲೆದ್ದು, ಇಳಿದು, ತನ್ನ ಜಾಗದಲ್ಲಿ ನಿಂತಿತು. ಪೈಪಿನ ಬಾಯಿ ಎರಡು ಸಲ ಕೆಮ್ಮಿತು. ಆಮೇಲೆ ನೀರು ಬಂತು ನೋಡಿ, ಮಲ್ಲೇಶನ ಪ್ಯಾಂಟು ಮಂಡಿಯವರೆಗೂ ತೊಯ್ದುಹೋಯಿತು. ಅವನು ಒಂದು ಗಳಿಗೆ ನೀರನ್ನು ನೋಡಿದ, ಇವಳನ್ನು ನೋಡಿದ, ತಾನೇ ಹೋಗಿ ಚೈನು ಬಿಚ್ಚತೊಡಗಿದ. ಸಮತಾಳಿಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

"ಹುಲಿಯಪ್ಪನ ಕೈ ಅಂದ್ರೆ ಕೈ ಕಣೆ" ಎಂದು ರಾಮಚಂದ್ರಪ್ಪ ಹೆಂಡತಿಗೆ ಹೇಳಿದರು.

ಮೀಟರಿನ ವೈರು ಸುತ್ತುತ್ತಿದ್ದ ಸಮತಾ ಕೈ ನಿಲ್ಲಿಸಿದಳು. "ಅಪ್ಪಂಗೆ ಕಣ್ಣು ಕಾಣ್ದೆ ಮೂರು ವರ್ಷ ಆಯ್ತು ಸಾರ್. ಈ ಮೋಟರ್ ಸುತ್ತಿದ ವಾರ ಅವ್ರು ಆಸ್ಪತ್ರೇಲಿದ್ರು. ಸುತ್ತಿದ್ದು ನಾನು."

ರಾಮಚಂದ್ರಪ್ಪ ಒಳಗೆ ಹೋಗಿ ಮಾರ್ಕರ್ ತಂದರು. ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಒಳಗಿನ ಹೆಸರನ್ನು ಹೊಡೆದುಹಾಕಿದರು. ಆಮೇಲೆ ಅದನ್ನು ತಿರುಗಿಸಿ, ಬಂದವರಿಗೆಲ್ಲ ಕಾಣುವ ಹಾಗೆ ಹೊರಮೈಯಲ್ಲೇ ದೊಡ್ಡದಾಗಿ ಬರೆದರು: "ಮೋಟರ್ ಸುತ್ತಿದ್ದು ಸಮತಾ." ಬರೆದದ್ದು ನೋಡಿ ಅವರಿಗೇ ಸಂತೋಷವಾಗಿರಬೇಕು. ಸಮತಾಳಿಗೆ ಕೊಡಲೆಂದು ಹಾಲಮ್ಮ ತಂದಿದ್ದ ಕುಂಕುಮದ ತಟ್ಟೆಗೆ ಉಂಗುರ ಬೆರಳು ಅದ್ದಿ, ತೆರೆದಿದ್ದ ಪ್ಯಾನೆಲ್ಲಿನ ಕಡೆ ಕೈ ಚಾಚಿದರು.

ಹಾಲಮ್ಮ ಗಂಡನ ಮಣಿಕಟ್ಟು ಹಿಡಿದುಕೊಂಡರು.

"ಮೊದ್ಲು ಮುಚ್ಚಳ ಹಾಕ್ರೀ. ಆಮೇಲೆ ಬೊಟ್ಟು ಇಡುವಿರಂತೆ."